ಕೊಪ್ಪಳವೋ, ಭಾಗ್ಯನಗರವೋ: ಮನೆ ಹಿಡಿಯುವ ಮುನ್ನ ನೀರು, ಖಾತೆ, ಗಾಳಿ

ಮೇ–ಜೂನ್ ಬಂತೆಂದರೆ ಕೊಪ್ಪಳದಲ್ಲಿ ಮನೆ ಹುಡುಕುವವರ ಓಡಾಟ ಶುರು. ವರ್ಗವಾಗಿ ಬರುವ ಶಿಕ್ಷಕರು, ಕಂದಾಯ ಮತ್ತು ಪೊಲೀಸ್ ಇಲಾಖೆಯವರು, ವೈದ್ಯಕೀಯ ಕಾಲೇಜಿಗೆ ಬರುವವರು, ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ಸೇರುವವರು, ಮಕ್ಕಳ ಓದಿಗಾಗಿ ಯಲಬುರ್ಗಾ, ಕುಷ್ಟಗಿ, ಕುಕನೂರು ಕಡೆಯಿಂದ ಸಂಸಾರ ಸಮೇತ ಬರುವವರು, ಹೀಗೆ ಮಂದಿ ಬೇರೆ ಬೇರೆ, ಪ್ರಶ್ನೆ ಒಂದೇ. ಊರೊಳಗೆ ಮನೆ ಹಿಡಿಯಬೇಕೋ, ರೈಲು ಹಳಿಯ ಆಚೆ ಭಾಗ್ಯನಗರಕ್ಕೆ ಹೋಗಬೇಕೋ, ಇಲ್ಲ ಹೊಸಪೇಟೆ ರಸ್ತೆಗುಂಟ ಗಿಣಿಗೇರಾ ದಿಕ್ಕಿಗೆ ಸರಿಯಬೇಕೋ?

ಹೆಚ್ಚಿನವರು ಇದನ್ನು ಎರಡೇ ಸಂಗತಿಯ ಮೇಲೆ ತೀರ್ಮಾನಿಸುತ್ತಾರೆ: ಬಾಡಿಗೆ ಎಷ್ಟು, ಆಫೀಸು ಎಷ್ಟು ದೂರ. ಕೊಪ್ಪಳದಂಥ ಊರಿನಲ್ಲಿ ಈ ಎರಡೂ ಮನುಷ್ಯನನ್ನು ಅಷ್ಟಾಗಿ ಕಾಡುವುದಿಲ್ಲ. 2011ರ ಜನಗಣತಿಯಲ್ಲಿ ಸುಮಾರು 70 ಸಾವಿರ ಜನರಿದ್ದ ಊರು ಇದು. ಒಂದು ತುದಿಯಿಂದ ಇನ್ನೊಂದು ತುದಿಗೆ ಬೈಕಿನಲ್ಲಿ ಕಾಲು ಗಂಟೆ ಸಾಕು. ಮನೆ ಹೊಕ್ಕ ಆರು ತಿಂಗಳಿಗೆ ಜನ ಪೇಚಾಡುವುದು ಬೇರೆ ಮೂರಕ್ಕೆ. ನಳದಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಮನೆಯ ಖಾತೆ ಯಾವ ಕಚೇರಿಯಲ್ಲಿ ಯಾವ ರೂಪದಲ್ಲಿದೆ, ಚಳಿಗಾಲದಲ್ಲಿ ಗಾಳಿ ಎತ್ತಣಿಂದ ಬೀಸುತ್ತದೆ. ಮನೆ ನೋಡಲು ಹೋದ ದಿನ ಈ ಮೂರೂ ಕಣ್ಣಿಗೆ ಬೀಳುವುದಿಲ್ಲ. ಕೇಳಿ, ಅಳೆದು, ಒರೆಸಿ ನೋಡಿದರೆ ಮಾತ್ರ ಗೊತ್ತಾಗುತ್ತವೆ.

ಒಂದೇ ಊರು, ಮೂರು ಕಚೇರಿ

ನೋಡುವವರ ಕಣ್ಣಿಗೆ ಕೊಪ್ಪಳ ಮತ್ತು ಭಾಗ್ಯನಗರ ಒಂದೇ ಊರು. ಬಜಾರು ಒಂದು, ಜಾತ್ರೆ ಒಂದು, ನಡುವೆ ಗುಂತಕಲ್ಲು–ಹುಬ್ಬಳ್ಳಿ ರೈಲು ಮಾರ್ಗ ಅಷ್ಟೇ. ಕಾಗದದಲ್ಲಿ ಮಾತ್ರ ಎರಡೂ ಬೇರೆ. ಕೊಪ್ಪಳ ನಗರಸಭೆ, ಅದಕ್ಕೆ ಪೌರಾಯುಕ್ತರು. ಭಾಗ್ಯನಗರ ಪಟ್ಟಣ ಪಂಚಾಯಿತಿ, ಅದಕ್ಕೆ ಮುಖ್ಯಾಧಿಕಾರಿ. ಗಿಣಿಗೇರಾ ಮತ್ತು ಸುತ್ತಲ ಹಳ್ಳಿಗಳು ಗ್ರಾಮ ಪಂಚಾಯಿತಿ, ಅಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಕರ್ನಾಟಕದ ಕಾನೂನಿನಲ್ಲಿ 10ರಿಂದ 20 ಸಾವಿರ ಜನರಿರುವ ಊರಿಗೆ ಪಟ್ಟಣ ಪಂಚಾಯಿತಿ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ. ಈ ದರ್ಜೆಯ ಮೇಲೆಯೇ ಅನುದಾನ, ಇಂಜಿನಿಯರುಗಳು, ಪೌರಕಾರ್ಮಿಕರು, ಕಸದ ಗಾಡಿಗಳು ನಿಂತಿವೆ. ಹಾಗಾಗಿ ಗಟಾರ ಕಟ್ಟಿದರೆ, ಬೀದಿದೀಪ ಹೋದರೆ, ಖಾತೆ ಬದಲಾಗಬೇಕಾದರೆ ಯಾರ ಬಾಗಿಲಿಗೆ ಹೋಗಬೇಕು ಎಂಬುದು ಹಳಿಯ ಈಚೆ ಒಂದು, ಆಚೆ ಇನ್ನೊಂದು.

ಚಿಕ್ಕ ಕಚೇರಿಗೆ ಒಂದು ಅನುಕೂಲವೂ ಇದೆ. ಜನಸಂಖ್ಯೆ ಕಡಿಮೆಯಿದ್ದಲ್ಲಿ ವಾರ್ಡ್ ಸದಸ್ಯ ಓಣಿಯಲ್ಲೇ ಸಿಗುತ್ತಾನೆ, ವಾಲ್‌ಮನ್‌ನ ಮೊಬೈಲ್ ನಂಬರು ಎಲ್ಲರ ಬಳಿಯೂ ಇರುತ್ತದೆ. ತೊಂದರೆ ಬರುವುದು ದೊಡ್ಡ ಕೆಲಸದಲ್ಲಿ: ಮುಖ್ಯ ಪೈಪು ಒಡೆದರೆ, ಮೋಟರು ಸುಟ್ಟರೆ, ಒಳಚರಂಡಿ ಬೇಕೆಂದರೆ ಹಣಕ್ಕೂ ಇಂಜಿನಿಯರಿಗೂ ಕಾಯಬೇಕು.

ಬಾಡಿಗೆಗೆ ಬರುವವರಿಗೆ ಇದು ಅಷ್ಟಕ್ಕಷ್ಟೆ. ಪ್ಲಾಟು ಅಥವಾ ಮನೆ ಕೊಳ್ಳುವವರಿಗೆ ಇದೇ ಮುಖ್ಯ. ಆ ಮಾತಿಗೆ ಮುಂದೆ ಬರೋಣ. ಮೊದಲು ನೀರು.

ನೀರಿನ ಲೆಕ್ಕ

ಮನೆ ಮಾಲೀಕರನ್ನು ನೀರಿನ ಬಗ್ಗೆ ಕೇಳಿದರೆ ಬರುವ ಉತ್ತರ ಎಲ್ಲ ಕಡೆಯೂ ಒಂದೇ: ‘ನೀರಿಂದೇನ್ ಚಿಂತಿ ಇಲ್ರೀ.’ ಅದನ್ನು ಕೇಳಿಸಿಕೊಂಡು, ಪಕ್ಕದ ಮನೆಯ ಹೆಣ್ಣುಮಗಳನ್ನು ಕೇಳಿ: ‘ಅಕ್ಕಾರ, ಹ್ವಾದ ಸಲ ನಳ ಯಾವಾಗ ಬಂದಿದ್ವು? ಅದಕ್ಕೂ ಮುಂಚೆ?’ ಎರಡು ತಾರೀಖು ಸಿಕ್ಕರೆ ನಡುವಿನ ಅಂತರ ಸಿಕ್ಕಿತು. ‘ಎಷ್ಟು ದಿನಕ್ಕೊಮ್ಮೆ ಬರುತ್ತೆ’ ಎಂದು ಕೇಳಿದರೆ ನಿಯಮ ಹೇಳುತ್ತಾರೆ, ‘ಯಾವಾಗ ಬಂದಿತ್ತು’ ಎಂದು ಕೇಳಿದರೆ ನಡೆದದ್ದು ಹೇಳುತ್ತಾರೆ.

ಅಂತರ ಗೊತ್ತಾದ ಮೇಲೆ ಲೆಕ್ಕ ಸುಲಭ. ನಗರ ನೀರು ಪೂರೈಕೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಮಾನದಂಡ. ನಾಲ್ಕು ಜನಕ್ಕೆ 540 ಲೀಟರ್. ನಾಲ್ಕು ದಿನಕ್ಕೊಮ್ಮೆ ನಳ ಬರುವುದಾದರೆ ಒಂದು ಸಲಕ್ಕೆ 2,160 ಲೀಟರ್ ತುಂಬಿಕೊಳ್ಳಬೇಕು. ಒಂದು ದಿನ ತಪ್ಪಬಹುದೆಂದು ಹಿಡಿದರೆ 2,700. ಒಳ ಅಳತೆ 6 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಆಳವಿರುವ ಸಂಪು ಹೆಚ್ಚುಕಡಿಮೆ 2,700 ಲೀಟರ್ ಹಿಡಿಯುತ್ತದೆ (ಒಂದು ಘನ ಅಡಿಗೆ 28.3 ಲೀಟರ್). ಸಂಪಿನ ಮುಚ್ಚಳ ತೆಗೆಸಿ, ಟೇಪು ಹಿಡಿದು ನೋಡಿ. ‘ದೊಡ್ಡ ಸಂಪು ಐತಿ’ ಎಂಬ ಮಾತಿನ ಹಿಂದೆ 1,500 ಲೀಟರಿನ ಗುಂಡಿ ಇರುವುದುಂಟು. ಮೇಲಿನ ಮಹಡಿಗೆ ಬಾಡಿಗೆಗೆ ಹೋಗುವವರು ಸಂಪು ಯಾರ್‍ಯಾರಿಗೆ ಪಾಲು ಎಂದು ಅಲ್ಲೇ ಕೇಳಬೇಕು. ಎರಡು ಮನೆಗೆ ಒಂದೇ ಸಂಪಾದರೆ ಅಳತೆಯೂ ಎರಡು ಪಟ್ಟು ಆಗಬೇಕು.

ಸಂಪು ದೊಡ್ಡದಿದ್ದು ನಳದಲ್ಲಿ ಒತ್ತಡವೇ ಇಲ್ಲದಿದ್ದರೆ ಏನು ಬಂತು? ನೀರು ಬಿಡುವ ದಿನ ಹೋಗಿ ಒಂದು ಕೊಡ ಹಿಡಿದು ನೋಡಿ. ಎರಡು ತಾಸು ನೀರು ಬಿಡುವ ಓಣಿಯಲ್ಲಿ 2,160 ಲೀಟರ್ ತುಂಬಬೇಕಾದರೆ ನಿಮಿಷಕ್ಕೆ 18 ಲೀಟರ್ ಬರಬೇಕು. ಅಂದರೆ 15 ಲೀಟರಿನ ಕೊಡ 50 ಸೆಕೆಂಡಿನಲ್ಲಿ ತುಂಬಬೇಕು. ಒಂದೂವರೆ ನಿಮಿಷ ಹಿಡಿದರೆ ಸಂಪು ಅರ್ಧ ತುಂಬುವ ಹೊತ್ತಿಗೆ ನಳ ನಿಲ್ಲುತ್ತದೆ. ಪೈಪಿನ ಕೊನೆಯ ಮನೆಗಳಲ್ಲಿ, ಏರು ಜಾಗದ ಮನೆಗಳಲ್ಲಿ ಹೀಗಾಗುತ್ತದೆ. ಆಗ ಕೆಲವರು ನೇರ ನಳಕ್ಕೇ ಮೋಟರು ಹಚ್ಚುತ್ತಾರೆ. ಅದು ಅಪರಾಧ, ಮೇಲಾಗಿ ಒತ್ತಡ ಇಳಿದ ಪೈಪಿಗೆ ಬಿರುಕಿನಿಂದ ಗಟಾರದ ನೀರು ಸೇರಿಕೊಳ್ಳುತ್ತದೆ. ಓಣಿಯಲ್ಲಿ ಎರಡು ಮೂರು ಮನೆಯ ಮುಂದೆ ನಳಕ್ಕೆ ಮೋಟರು ಕಂಡರೆ ಆ ಓಣಿಯ ನೀರಿನ ಕಥೆ ಗೊತ್ತಾದಂತೆ.

ಗ್ರಾಮ ಪಂಚಾಯಿತಿಯ ಹದ್ದಿನಲ್ಲಿ ಲೆಕ್ಕ ಬುಡದಿಂದಲೇ ಬೇರೆ. ಜಲ ಜೀವನ ಮಿಷನ್ ಯೋಜನೆ ರೂಪುಗೊಂಡಿರುವುದು ತಲೆಗೆ ದಿನಕ್ಕೆ 55 ಲೀಟರ್ ಎಂಬ ಅಳತೆಯ ಮೇಲೆ. ನಾಲ್ಕು ಜನಕ್ಕೆ 220 ಲೀಟರ್. ವಾಷಿಂಗ್ ಮಷಿನ್, ಫ್ಲಶ್ ಇರುವ ಪಟ್ಟಣದ ರೂಢಿಯ ಮನೆಗೆ ದಿನಕ್ಕೆ 320 ಲೀಟರ್ ಕಡಿಮೆ ಬೀಳುತ್ತದೆ, ತಿಂಗಳಿಗೆ 9,600 ಲೀಟರ್. ಅಂದರೆ ಎಲ್ಲ ಸರಿಯಾಗಿ ನಡೆದ ತಿಂಗಳಲ್ಲೂ 5,000 ಲೀಟರಿನ ಎರಡು ಟ್ಯಾಂಕರು, ಇಲ್ಲವೇ ಬೋರು. ಊರ ಹೊರಗಿನ ಬಾಡಿಗೆಗೆ ಈ ಎರಡು ಟ್ಯಾಂಕರಿನ ದರ ಕೂಡಿಸಿಯೇ ಹೋಲಿಸಬೇಕು.

ಬೋರಿನ ಮಾತು ಬಂದಾಗ ಇನ್ನೂ ಜಾಗ್ರತೆ ಬೇಕು. ಕೊಪ್ಪಳ ಜಿಲ್ಲೆ ಫ್ಲೋರೈಡ್‌ಗೆ ಹೆಸರಾದದ್ದು. ಕುಡಿಯುವ ನೀರಿನ ಭಾರತೀಯ ಮಾನದಂಡ (ಐಎಸ್ 10500) ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ರುಚಿಯಿಂದ, ಬಣ್ಣದಿಂದ ಇದು ಗೊತ್ತಾಗುವುದಿಲ್ಲ; ಗಡಸು ನೀರು ಸಪ್ಪೆ, ಉಪ್ಪು ಎಂದು ನಾಲಗೆಗೆ ತಿಳಿಯುತ್ತದೆ, ಫ್ಲೋರೈಡ್ ತಿಳಿಯದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಅಂಶ ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ಲೀಟರ್ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್, ನೈಟ್ರೇಟ್, ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶದ ಒಟ್ಟು ಪ್ರಮಾಣ) ಈ ನಾಲ್ಕನ್ನು ಕೇಳಿ. ಆರೇಳು ವರ್ಷದೊಳಗಿನ ಮಕ್ಕಳಿರುವ ಮನೆಯವರು ಈ ವರದಿ ಕೈಗೆ ಬರುವ ಮುನ್ನ ಡಿಪಾಜಿಟ್ ಕೊಡಬಾರದು. ಹಲ್ಲು ಮೂಡುವ ವಯಸ್ಸಿನಲ್ಲಿ ಹತ್ತಿದ ಕಲೆ ಹಲ್ಲಿನಿಂದ ಮತ್ತೆ ಹೋಗುವುದಿಲ್ಲ. ಒಳ್ಳೆಯ ಆರ್‌ಒ ಯಂತ್ರ ಫ್ಲೋರೈಡ್ ತೆಗೆಯುತ್ತದೆ, ಆದರೆ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ನೀರು ಕೊರತೆಯಿರುವ ಬಡಾವಣೆಯಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಪಾತ್ರೆ ತೊಳೆಯಲು ಹಿಡಿದಿಡಬೇಕು.

ಹೊಸ ಬಡಾವಣೆಗಳಲ್ಲಿ ಯಾರೂ ಎತ್ತದ ವಿಷಯ ಇನ್ನೊಂದಿದೆ. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಗೂ ಒಂದು ಪಾಯಖಾನೆ ಗುಂಡಿ, ಪ್ರತಿ ಮನೆಗೂ ಒಂದು ಬೋರು. ಇವೆರಡರ ನಡುವೆ 50 ಅಡಿಯಾದರೂ ಅಂತರ ಬೇಕು. ಪ್ಲಾಟಿನ ಅಳತೆ 30×40. ಉದ್ದ ಗೋಡೆಯೇ 40 ಅಡಿ! ನಿಮ್ಮ ಗುಂಡಿಯನ್ನು ನಿಮ್ಮ ಬೋರಿನಿಂದ ದೂರ ಸರಿಸಿದರೆ ಅದು ಪಕ್ಕದವರ ಬೋರಿನ ಹತ್ತಿರ ಹೋಗುತ್ತದೆ. ಗಟ್ಟಿ ಕಲ್ಲಿನ ಈ ನೆಲದಲ್ಲಿ ನೀರು ಹರಿಯುವುದು ಬಂಡೆಯ ಬಿರುಕುಗಳಲ್ಲಿ. ಮಣ್ಣಿನಲ್ಲಿ ಸೋಸಿ ಬರುವಂತೆ ಬಿರುಕಿನಲ್ಲಿ ಸೋಸಿ ಬರುವುದಿಲ್ಲ. ಬಡಾವಣೆಯಲ್ಲಿ ಹತ್ತು ಮನೆಯಿದ್ದಾಗ ಚೆನ್ನಾಗಿದ್ದ ಬೋರು ಐವತ್ತು ಮನೆಯಾದಾಗ ಕೆಡುವುದು ಇದರಿಂದ. ನೈಟ್ರೇಟ್ ಪರೀಕ್ಷೆ ಮಾಡಿಸಿ ಎಂದದ್ದಕ್ಕೆ ಕಾರಣವೂ ಇದೇ: ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ ಗುಂಡಿಯ ನೀರೋ ಹೊಲದ ಗೊಬ್ಬರವೋ ಬೋರಿಗೆ ಇಳಿದಿದೆ.

ಗಾಳಿ ಎತ್ತಣದು?

ಕೊಪ್ಪಳದಲ್ಲಿ ಮನೆ ಹುಡುಕುವವರು ಹತ್ತು ವರ್ಷದ ಹಿಂದೆ ಕೇಳದ ಪ್ರಶ್ನೆ ಇದು. ಈಗ ಇದನ್ನು ಬಿಟ್ಟು ಮಾತಾಡುವಂತಿಲ್ಲ. ನಗರದ ಅಂಚಿನಲ್ಲೇ ಉಕ್ಕಿನ ಕಾರ್ಖಾನೆ ವಿಸ್ತರಿಸುವ ಯೋಜನೆ ವಿರುದ್ಧ 2025ರ ಫೆಬ್ರುವರಿ 24ರಂದು ಇಡೀ ಕೊಪ್ಪಳ ಬಂದ್ ಆಗಿತ್ತು. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ಬೀದಿಗಿಳಿದು ಮಾತನಾಡಿದರು, ಶಾಲೆಯ ಮಕ್ಕಳಿಂದ ಹಿಡಿದು ವ್ಯಾಪಾರಿಗಳವರೆಗೆ ಜನ ಸೇರಿದರು. ಗಿಣಿಗೇರಾ, ಹಾಲವರ್ತಿ ಸುತ್ತಲ ಹಳ್ಳಿಗಳ ಜನ ಕರಿ ದೂಳಿನ ಬಗ್ಗೆ ಅದಕ್ಕೂ ಮೊದಲಿನಿಂದ ಹೇಳುತ್ತಲೇ ಬಂದಿದ್ದರು.

ಮನೆ ಹಿಡಿಯುವವರು ತಿಳಿಯಬೇಕಾದದ್ದು ಇಷ್ಟು. ಕಾರ್ಖಾನೆಗಳ ಸಾಲು ಇರುವುದು ನಗರದ ಪೂರ್ವಕ್ಕೆ, ಹೊಸಪೇಟೆ ದಿಕ್ಕಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಗಾಳಿ ಪಶ್ಚಿಮ–ನೈರುತ್ಯದಿಂದ ಬೀಸುತ್ತದೆ, ಹೊಗೆ ಊರಿನಿಂದ ಆಚೆ ಹೋಗುತ್ತದೆ. ಮೇ–ಜೂನ್‌ನಲ್ಲಿ ಮನೆ ನೋಡಲು ಬಂದವರಿಗೆ ಗಾಳಿ ಶುದ್ಧವಾಗಿ ಕಾಣುವುದು ಇದೇ ಕಾರಣಕ್ಕೆ. ಅಕ್ಟೋಬರ್ ದಾಟಿದ ಮೇಲೆ ಗಾಳಿ ತಿರುಗಿ ಈಶಾನ್ಯ–ಪೂರ್ವದಿಂದ ಬರತೊಡಗುತ್ತದೆ. ಚಳಿಗಾಲದ ಬೆಳಗಿನಲ್ಲಿ ನೆಲದ ಬಳಿಯ ತಂಪು ಗಾಳಿ ಮೇಲೇಳುವುದಿಲ್ಲ, ಹೊಗೆ ಕೆಳಗೇ ನಿಲ್ಲುತ್ತದೆ. ಹಾಗಾಗಿ ಜೂನ್‌ನಲ್ಲಿ ಒಪ್ಪಿ ಬಂದ ಮನೆ ಡಿಸೆಂಬರ್‌ನಲ್ಲಿ ಬೇರೆಯೇ ಮನೆಯಾಗಿ ಕಾಣಬಹುದು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಕೊಪ್ಪಳದ ದಿವಟರ ನಗರದ ಮಾಪನ ಕೇಂದ್ರದ ಅಂಕಿ ಸಿಗುತ್ತದೆ. ಉಸಿರಿನೊಂದಿಗೆ ಒಳಹೋಗುವ ತೀರಾ ಸಣ್ಣ ದೂಳು, ಅಂದರೆ ಪಿಎಂ 2.5, ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ಅದಕ್ಕಿಂತ ತುಸು ದಪ್ಪ ಕಣಗಳನ್ನೂ ಎಣಿಸುವ ಪಿಎಂ 10 ಆದರೆ 100, ಇವು ದೇಶದ ಮಿತಿ. ಇಂದಿನ ಅಂಕಿ ನೋಡಿ ಸುಮ್ಮನಾಗದೆ ಹಿಂದಿನ ಡಿಸೆಂಬರ್–ಜನವರಿಯ ಅಂಕಿ ನೋಡಿ. ಆದರೂ ನೆನಪಿರಲಿ, ಇದು ಊರೊಳಗಿನ ಒಂದು ಕೇಂದ್ರ. ಹತ್ತು ಕಿಲೋಮೀಟರ್ ಆಚೆಯ ಗಿಣಿಗೇರಾದ ಗಾಳಿಗೆ ಇದು ಸಾಕ್ಷಿ ಹೇಳದು.

ಅಲ್ಲಿ ನಿಮ್ಮ ಕೈಯೇ ಮಾಪಕ. ಬೆಳಿಗ್ಗೆ ಹೋಗಿ ಮಾಳಿಗೆ ಹತ್ತಿ. ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಅಡಿ ಜಾಗವನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ. ಈ ಕಡೆಯ ನೆಲದ ದೂಳು ಕೆಂಪು ಇಲ್ಲವೇ ಬೂದು ಬಣ್ಣ. ಬಟ್ಟೆ ಕಪ್ಪಾಗಿ, ಬೆರಳಿಗೆ ತರಿತರಿ ಹತ್ತಿ, ಬಿಸಿಲಿಗೆ ಹಿಡಿದಾಗ ಮಿಣಮಿಣ ಎಂದರೆ ಅದು ನೆಲದ್ದಲ್ಲ. ಸ್ವಲ್ಪ ದೂಳನ್ನು ಕಾಗದದ ಮೇಲೆ ಹಾಕಿ ಕೆಳಗಿನಿಂದ ಅಯಸ್ಕಾಂತ ಆಡಿಸಿ. ನಮ್ಮ ಮಣ್ಣಿನಲ್ಲೂ ಕಬ್ಬಿಣದ ಅಂಶವಿದೆ, ಒಂದೆರಡು ಕಣ ಎಲ್ಲಿಯದಾದರೂ ಅಲುಗುತ್ತದೆ. ಅದಕ್ಕೇ ಗವಿಮಠದ ಕಡೆಯ ಒಂದು ಮಾಳಿಗೆಯ ದೂಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ. ಒಂದರಲ್ಲಿ ನಾಲ್ಕು ಕಣ, ಇನ್ನೊಂದರಲ್ಲಿ ಕಾಗದದ ತುಂಬ ಗೆರೆ ಎದ್ದರೆ ಹೆಚ್ಚು ಹೇಳುವುದು ಬೇಡ. ಒಣಹಾಕಿದ ಬಿಳಿ ಅಂಗಿಗಳು ಯಾವ ಮನೆಯ ಮಾಳಿಗೆಯಲ್ಲಿವೆ, ಯಾವ ಮನೆಯವರು ಬಟ್ಟೆಯನ್ನು ಒಳಗೇ ಒಣಗಿಸುತ್ತಾರೆ ಎಂಬುದನ್ನೂ ಗಮನಿಸಿ.

ಕಾರ್ಖಾನೆಯಲ್ಲೇ ಕೆಲಸ ಮಾಡುವವರಿಗೆ ಗಿಣಿಗೇರಾ ಹತ್ತಿರ, ಪಾಳಿಗೆ ಹೋಗಿಬರಲು ಅನುಕೂಲ. ಒಬ್ಬರೇ ಇರುವವರಿಗೆ ಅದು ಸರಿಯೇ. ಆಸ್ತಮಾ ಇರುವ ಹಿರಿಯರು, ಚಿಕ್ಕ ಮಕ್ಕಳು ಮನೆಯಲ್ಲಿದ್ದರೆ ಕೆಲಸಗಾರ ದಿನಾ ಓಡಾಡುವುದು ಲೇಸು. ಎಂಟು ತಾಸು ಒಬ್ಬರು ಉಸಿರಾಡುವುದಕ್ಕೂ 24 ತಾಸು ಮನೆಮಂದಿಯೆಲ್ಲ ಉಸಿರಾಡುವುದಕ್ಕೂ ವ್ಯತ್ಯಾಸವಿದೆ.

ಊರ ಮಧ್ಯಾಹ್ನದ ಊಟ

ದೂರದ ಲೆಕ್ಕದಲ್ಲಿ ಜನ ಮರೆಯುವುದು ಮಧ್ಯಾಹ್ನವನ್ನು. ಕೊಪ್ಪಳದಲ್ಲಿ ಈಗಲೂ ಬಹಳ ಮಂದಿ ಊಟಕ್ಕೆ ಮನೆಗೆ ಬರುತ್ತಾರೆ, ರೊಟ್ಟಿ ಬಿಸಿಯಿರುವಾಗ ಉಂಡು ಹೋಗುವ ರೂಢಿ. ಅಂದರೆ ದಿನಕ್ಕೆ ಎರಡು ಸಲ ಅಲ್ಲ, ನಾಲ್ಕು ಸಲ ಓಡಾಟ. ಬೈಕು ಲೀಟರಿಗೆ 45 ಕಿಲೋಮೀಟರ್, ಪೆಟ್ರೋಲ್ 103 ರೂಪಾಯಿ, ತಿಂಗಳಿಗೆ 26 ದಿನ ಎಂದು ಹಿಡಿಯಿರಿ. ಭಾಗ್ಯನಗರದ ಮನೆ ಆಫೀಸಿನಿಂದ 3 ಕಿಲೋಮೀಟರ್ ಇದ್ದರೆ ಊಟದ ಓಡಾಟ ಸೇರಿ ತಿಂಗಳಿಗೆ 312 ಕಿಲೋಮೀಟರ್, ಸುಮಾರು 715 ರೂಪಾಯಿ. 12 ಕಿಲೋಮೀಟರ್ ಆಚೆ ಮನೆಯಿದ್ದು ಡಬ್ಬಿ ಕಟ್ಟಿಕೊಂಡು ಬಂದರೆ 624 ಕಿಲೋಮೀಟರ್, ಸುಮಾರು 1,430. ಊಟಕ್ಕೂ ಹೋಗಿಬಂದರೆ 2,850 ದಾಟುತ್ತದೆ. ಬಾಡಿಗೆಯಲ್ಲಿ ಎರಡು ಸಾವಿರ ಉಳಿಯಿತು ಎಂದುಕೊಂಡವರ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ.

ಮನೆಯ ಹೆಣ್ಣುಮಕ್ಕಳು ಬಸ್ಸಿನಲ್ಲಿ ಓಡಾಡುವವರಾದರೆ ಲೆಕ್ಕ ಬೇರೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಹೊಸಪೇಟೆ ರಸ್ತೆಗುಂಟ ಇರುವ ಹಳ್ಳಿಗಳಿಗೆ ಇದು ದೊಡ್ಡ ಅನುಕೂಲ. ಹೆದ್ದಾರಿಯಿಂದ ಒಳಗಿರುವ ಬಡಾವಣೆಗಳಿಗೆ ಸಂಜೆಯ ಕೊನೆಯ ಬಸ್ಸು ಎಷ್ಟಕ್ಕೆ ಎಂದು ನಿಲ್ದಾಣದಲ್ಲೇ ಕೇಳಿಕೊಳ್ಳಿ.

ಹಳಿ ದಾಟುವುದನ್ನೂ ಹಗುರಾಗಿ ಕಾಣಬೇಡಿ. ಈ ಮಾರ್ಗ ಜೋಡಿ ಹಳಿಯಾದ ಮೇಲೆ ಕಲ್ಲಿದ್ದಲು, ಅದಿರು ಹೊತ್ತ ಗೂಡ್ಸ್ ಗಾಡಿಗಳು ಹಗಲೂ ರಾತ್ರಿ ಹರಿಯುತ್ತವೆ. ನೀವು ನೋಡಿದ ಮನೆಯಿಂದ ಶಾಲೆಗೆ ಗೇಟು ದಾಟಬೇಕೋ, ಮೇಲ್ಸೇತುವೆಯೋ, ಕೆಳಸೇತುವೆಯೋ ಎಂದು ಬೆಳಿಗ್ಗೆ 8:30ರಿಂದ 9:30ರ ನಡುವೆ ಒಮ್ಮೆ ಓಡಿಸಿ ನೋಡಿ. ಕೆಳಸೇತುವೆಯಾದರೆ ದೊಡ್ಡ ಮಳೆಯ ಮರುದಿನ ಹೋಗಿ, ಗೋಡೆಯ ಮೇಲೆ ನೀರು ನಿಂತ ಗೆರೆ ಎಷ್ಟು ಎತ್ತರಕ್ಕಿದೆ ನೋಡಿ. ಹಳಿಯ ಬದಿಯ ಮನೆಯಾದರೆ ಒಂದು ರಾತ್ರಿ ಹನ್ನೊಂದರ ಮೇಲೆ ಹತ್ತು ನಿಮಿಷ ನಿಂತು ಹಾರ್ನ್ ಕೇಳಿಬನ್ನಿ.

ಭಾಗ್ಯನಗರದ ಬೇರೆ ಸದ್ದೂ ಒಂದಿದೆ. ಅದು ನೇಕಾರರ ಊರು, ಸೀರೆಗೆ ಹೆಸರಾದದ್ದು. ಕೂದಲು ಸಂಸ್ಕರಿಸಿ ಹೊರದೇಶಕ್ಕೆ ಕಳಿಸುವ ಉದ್ಯಮವೂ ಅಲ್ಲಿ ಬೆಳೆದಿದೆ. ಇವು ಮನೆ ಮನೆಯ ಕಸುಬು. ಕೈಮಗ್ಗದ ಲಯಕ್ಕೆ ಕಿವಿ ಒಗ್ಗುತ್ತದೆ. ವಿದ್ಯುತ್ ಮಗ್ಗ ಪಕ್ಕದ ಗೋಡೆಗಿದ್ದರೆ ಕಷ್ಟ, ಸದ್ದಿಗಿಂತ ನಡುಕ ಹೆಚ್ಚು. ಗೋಡೆಗೆ ಅಂಗೈ ಇಟ್ಟು ನೋಡಿ, ಅಡುಗೆಮನೆಯ ಕಪಾಟಿನಲ್ಲಿ ಸ್ಟೀಲಿನ ಲೋಟಗಳನ್ನು ಒಂದಕ್ಕೊಂದು ತಾಗಿಸಿಟ್ಟು ನೋಡಿ, ಕಿಣಿಕಿಣಿ ಎಂದರೆ ಮಲಗುವ ಕೋಣೆ ಆ ಬದಿಗೆ ಬೇಡ. ಮಗ್ಗ ನಡೆಯುವ ದಿನವೇ ಹೋಗಬೇಕು. ಇದನ್ನು ದೂರು ಎಂದು ತಿಳಿಯಬಾರದು. ದುಡಿಯುವ ಊರಿಗೆ ಬಾಡಿಗೆಗೆ ಬರುವವರು ಆ ದುಡಿಮೆಯನ್ನು ತಿಳಿದೇ ಬರಬೇಕು. ಬಂದು ನೇಕಾರರ ಮೇಲೆ ಠಾಣೆಗೆ ಹೋಗುವುದು ನ್ಯಾಯವಲ್ಲ.

ಊರೊಳಗಿನ ಮನೆಗೂ ಅದರದ್ದೇ ಆದ ಕಾಲವಿದೆ. ಗವಿಮಠದ ಜಾತ್ರೆ ಜನವರಿಯಲ್ಲಿ ಬರುತ್ತದೆ, ಲಕ್ಷಾಂತರ ಜನ ಸೇರುತ್ತಾರೆ, ದಾಸೋಹ ವಾರಗಟ್ಟಲೆ ನಡೆಯುತ್ತದೆ. ಆ ದಿನಗಳಲ್ಲಿ ಮಠದ ಸುತ್ತಲ ರಸ್ತೆಗಳಲ್ಲಿ ಕಾರು ಹೊರಡದು, ಮನೆಯಲ್ಲಿ ನೆಂಟರು ಖಾಲಿಯಾಗರು. ಅದು ಬೇಕೆಂದೇ ಅಲ್ಲಿ ಮನೆ ಹಿಡಿಯುವವರೂ ಇದ್ದಾರೆ.

ಸರ್ಕಾರಿ ನೌಕರರು ಕೇಳುವ ಇನ್ನೊಂದು ಪ್ರಶ್ನೆ ಮನೆ ಬಾಡಿಗೆ ಭತ್ಯೆಯದು. ಏಳನೇ ವೇತನ ಆಯೋಗದ ನಂತರ 2024ರ ಆಗಸ್ಟ್‌ನಿಂದ ಭತ್ಯೆ ಮೂಲ ವೇತನದ ಶೇ 20, 15 ಮತ್ತು 7.5 ಎಂದು ಮೂರು ದರ್ಜೆಯಾಗಿದೆ. ಕೊಪ್ಪಳ ಕೊನೆಯ ದರ್ಜೆಯದು. 50 ಸಾವಿರ ಮೂಲ ವೇತನಕ್ಕೆ 3,750 ರೂಪಾಯಿ. ಹಳಿಯ ಈಚೆ ಇದ್ದರೂ ಆಚೆ ಇದ್ದರೂ ಇದರಲ್ಲಿ ಏರಿಳಿತವಿಲ್ಲ.

ಕೊಳ್ಳುವವರಿಗೆ: ಖಾತೆಯ ಗಂಟು

ಬಾಡಿಗೆಗೆ ಬಂದವರು ಎರಡು ವರ್ಷಕ್ಕೆ ಪ್ಲಾಟು ನೋಡತೊಡಗುತ್ತಾರೆ. ಊರಂಚಿನ ಪ್ಲಾಟು ಅಗ್ಗ ಯಾಕೆ ಎಂದು ಕೇಳಬೇಕಾದದ್ದು ಆಗ. ಹಲವು ಸಲ ಉತ್ತರ ದೂರದಲ್ಲಿಲ್ಲ, ಕಾಗದದಲ್ಲಿದೆ.

2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಆಗದು. ನಗರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ‘ಇ-ಆಸ್ತಿ’, ಗ್ರಾಮ ಪಂಚಾಯಿತಿಯಲ್ಲಿ ‘ಇ-ಸ್ವತ್ತು’. ಕೃಷಿ ಜಮೀನು ಎನ್‌ಎ (ಕೃಷಿಯೇತರ) ಆಗಿ, ಲೇಔಟ್ ನಕ್ಷೆಗೆ ಅನುಮೋದನೆ ಸಿಕ್ಕಿದ್ದರೆ ಪಟ್ಟಣದಲ್ಲಿ ‘ಎ’ ಖಾತೆ, ಹಳ್ಳಿಯಲ್ಲಿ ನಮೂನೆ 9 ಮತ್ತು 11ಎ. ಇವೆರಡೂ ಇಲ್ಲದೆ ಗುಂಟಾ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ್ದಾದರೆ ‘ಬಿ’ ಖಾತೆ, ಹಳ್ಳಿಯಲ್ಲಿ 11ಬಿ. ‘ಬಿ’ ಖಾತೆ ತೆರಿಗೆ ಕಟ್ಟುವುದಕ್ಕೆ ದಾಖಲೆ, ಬಡಾವಣೆ ಸಕ್ರಮವಾಯಿತೆಂಬ ಅರ್ಥ ಅದಕ್ಕಿಲ್ಲ. ಬಹುತೇಕ ಬ್ಯಾಂಕುಗಳು ಅದರ ಮೇಲೆ ಗೃಹಸಾಲ ಕೊಡಲು ಹಿಂಜರಿಯುತ್ತವೆ. ‘ಎನ್‌ಎ ಆಗೇತ್ರೀ’ ಎಂದು ಮಾರುವವರು ಹೇಳಿದರೆ ಅರ್ಧ ಮಾತು ಮುಗಿದಿದೆ ಅಷ್ಟೇ. ಲೇಔಟ್ ನಕ್ಷೆಗೆ ಕೊಪ್ಪಳ ನಗರಾಭಿವೃದ್ಧಿ ಪ್ರಾಧಿಕಾರದ ಮೊಹರು ಇದೆಯೇ ಎಂಬುದು ಉಳಿದರ್ಧ.

ಭಾಗ್ಯನಗರದಲ್ಲಿ ಇನ್ನೂ ಒಂದು ಗಂಟಿದೆ. ಅದು ಗ್ರಾಮ ಪಂಚಾಯಿತಿಯಾಗಿದ್ದು ಆಮೇಲೆ ಪಟ್ಟಣ ಪಂಚಾಯಿತಿಯಾದ ಊರು. ಹಳೆಯ ಪಂಚಾಯಿತಿ ಕಾಲದ ಉತಾರ (ಆಸ್ತಿ ದಾಖಲೆಯ ನಕಲು) ಹಿಡಿದು ಬಂದವರಿದ್ದರೆ ಅದು ಇ-ಆಸ್ತಿಗೆ ಬಂದಿದೆಯೇ, ಬಂದದ್ದು ‘ಎ’ ಆಗಿಯೋ ‘ಬಿ’ ಆಗಿಯೋ ಎಂದು ಪಟ್ಟಣ ಪಂಚಾಯಿತಿಯಲ್ಲೇ ನೋಡಬೇಕು. ಮಾರುವವರ ಬಳಿಯ ಜೆರಾಕ್ಸ್ ಸಾಲದು.

ಪರಿಶೀಲನೆಯ ಕ್ರಮ ಹೀಗಿರಲಿ. ಮೊದಲು ಪ್ಲಾಟಿನ ನಡುವೆ ನಿಂತು ‘ದಿಶಾಂಕ್’ ಆ್ಯಪ್ ತೆರೆಯಿರಿ, ನೀವು ನಿಂತ ಜಾಗದ ಸರ್ವೆ ನಂಬರು ಬರುತ್ತದೆ. ಮಾರುವವರು ಹೇಳಿದ ನಂಬರಿಗೂ ಅದಕ್ಕೂ ತಾಳೆಯಾಗಬೇಕು. ಕೆರೆ, ಹಳ್ಳ, ಸರ್ಕಾರಿ ಜಾಗಕ್ಕೆ ಎಷ್ಟು ಹತ್ತಿರ ಎಂಬುದೂ ಅಲ್ಲೇ ಕಾಣುತ್ತದೆ. ಆಮೇಲೆ ಆ ಸರ್ವೆ ನಂಬರಿನ ಪಹಣಿ, ಅದರಲ್ಲಿ ಖರಾಬಿನ (ಸಾಗುವಳಿಗೆ ಬಾರದ ಜಾಗದ) ಕಾಲಂ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 30 ವರ್ಷದ ಋಣಭಾರ ಪ್ರಮಾಣಪತ್ರ. ಕೊನೆಗೆ ಎನ್‌ಎ ಆದೇಶ, ನಕ್ಷೆ, ಇ-ಖಾತೆ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಮತ್ತು ಅಳತೆ ಹೋಲಿಸಿ. 30×40 ಎಂದು ಹೇಳಿ ಖಾತೆಯಲ್ಲಿ ಒಂದು ಗುಂಟಾ ಇದ್ದರೆ ನಿಮಗೆ ಸಿಗುವುದು 1,200 ಚದರಡಿಯಲ್ಲ, 1,089.

ನೋಂದಣಿ ಖರ್ಚನ್ನೂ ಮೊದಲೇ ತೆಗೆದಿಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಒಟ್ಟು ಶೇ 7.6ರ ಸುಮಾರಿಗೆ ಬರುತ್ತದೆ. 15 ಲಕ್ಷದ ಪ್ಲಾಟಿಗೆ 1.14 ಲಕ್ಷ ರೂಪಾಯಿ.

ಕಟ್ಟಿದ ಮನೆ ಕೊಳ್ಳುವವರು ಕರೆಂಟಿನ ಮೀಟರು ಕಾಯಂ ಸಂಪರ್ಕದ್ದೋ, ಕಟ್ಟಡ ಕೆಲಸಕ್ಕೆ ಪಡೆದ ತಾತ್ಕಾಲಿಕದ್ದೋ ಎಂದು ಬಿಲ್ಲಿನಲ್ಲಿ ನೋಡಬೇಕು. ಸ್ವಾಧೀನಾನುಭವ ಪ್ರಮಾಣಪತ್ರ (ನಕ್ಷೆಯಂತೆ ಕಟ್ಟಿದೆ, ವಾಸಿಸಬಹುದು ಎಂಬ ಒಪ್ಪಿಗೆ ಪತ್ರ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ರಾಜ್ಯದಲ್ಲಿ ಹೊಸ ಸಂಪರ್ಕಗಳು ನಿಂತವು. ಆಮೇಲೆ 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿತು. ಅದಕ್ಕಿಂತ ದೊಡ್ಡ ಪ್ಲಾಟಿನಲ್ಲಿ ನಕ್ಷೆ ಮೀರಿ ಕಟ್ಟಿದ್ದರೆ ತೊಡಕು ಕೊಂಡವರ ತಲೆಗೇ ಬರುತ್ತದೆ.

‘ಲೀಸಿಗೆ’ ಮನೆ ಹಿಡಿದು, ತಿಂಗಳ ಬಾಡಿಗೆಯ ಬದಲು ಐದಾರು ಲಕ್ಷ ಒಮ್ಮೆಲೇ ಕೊಡುವವರಿಗೂ ಋಣಭಾರ ಪ್ರಮಾಣಪತ್ರ ಬೇಕೇ ಬೇಕು. ಮನೆ ಬ್ಯಾಂಕಿಗೆ ಅಡವಿದ್ದರೆ, ಕಂತು ತಪ್ಪಿದ ದಿನ ಬ್ಯಾಂಕಿನವರು ಬೀಗ ಹಾಕಲು ಬರುವುದು ನೀವಿರುವ ಮನೆಗೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸದೆ ಹಣ ಕೊಡಬೇಡಿ. 20 ರೂಪಾಯಿ ಬಾಂಡಿನ ಮೇಲೆ ಸಹಿ ಮಾಡಿದ ಕಾಗದ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಡುವುದು ಸರಿಯಲ್ಲ. ‘ನೀವು ಯಾವ ಮಂದಿ ರೀ?’ ಈ ಪ್ರಶ್ನೆ ಊರೊಳಗೂ ಇದೆ, ಊರಾಚೆಯೂ ಇದೆ. ದಲಿತ ಮತ್ತು ಮುಸ್ಲಿಂ ಕುಟುಂಬಗಳಿಗೆ ಮನೆಯ ಆಯ್ಕೆ ನೀರು, ಗಾಳಿಯ ಲೆಕ್ಕಕ್ಕೂ ಮೊದಲೇ ಇಲ್ಲಿ ಕಿರಿದಾಗಿಬಿಡುತ್ತದೆ. ವರ್ಗವಾಗಿ ಬರುವ ನೌಕರರು ಆದೇಶ ಕೈಗೆ ಬಂದ ದಿನವೇ ವಸತಿಗೃಹಕ್ಕೆ ಅರ್ಜಿ ಕೊಡುವುದು ಒಳ್ಳೆಯದು. ಊರಂಚಿನ ಹೊಸ ಬಡಾವಣೆಗಳಲ್ಲಿ, ಮಾಲೀಕರು ಬೇರೆ ಊರಿನಲ್ಲಿರುವ ಮನೆಗಳಲ್ಲಿ ಈ ಪ್ರಶ್ನೆ ಕಡಿಮೆ; ಹಳೆಯ ಓಣಿಗಳಲ್ಲಿ, ಮಾಲೀಕರು ಕೆಳಗೇ ಇರುವ ಮನೆಗಳಲ್ಲಿ ಹೆಚ್ಚು. ಪರಊರಿಂದ ಬಂದವರಿಗೆ ಬಾಗಿಲು ತೆರೆಯುವುದಕ್ಕೆ ಮೊದಲು ಜಾತಿ ಕೇಳುವ ಊರು ತಾನೇ ನಾಚಬೇಕು.

ಹಾಗಾದರೆ ಎಲ್ಲಿ?

ಶಾಲೆಗೆ ಹೋಗುವ ಮಕ್ಕಳಿದ್ದು, ಗಂಡ ಹೆಂಡತಿ ಇಬ್ಬರೂ ಊರೊಳಗೇ ದುಡಿಯುವವರಾದರೆ ಕೊಪ್ಪಳದ ನಗರಸಭೆ ಹದ್ದಿನಲ್ಲಿ, ನಳದ ಅಂತರ ನಾಲ್ಕು ದಿನ ಮೀರದ ವಾರ್ಡಿನಲ್ಲಿ ಚಿಕ್ಕ ಮನೆಯಾದರೂ ಮೇಲು. ಸ್ವಲ್ಪ ಜಾಗ ಬೇಕು, ನೆರೆಹೊರೆ ಬೇಕು, ಹಳಿ ದಾಟುವುದು ಹೊರೆಯಲ್ಲ ಎನ್ನುವವರಿಗೆ ಭಾಗ್ಯನಗರ ಒಳ್ಳೆಯ ಆಯ್ಕೆ. ಬಾಡಿಗೆಗೆ ನಿಶ್ಚಿಂತೆಯಿಂದ ಹೋಗಬಹುದು, ಕೊಳ್ಳುವುದಾದರೆ ‘ಎ’ ಖಾತೆ ಇದ್ದದ್ದನ್ನೇ. ಗಿಣಿಗೇರಾ ದಿಕ್ಕಿನಲ್ಲಿ ಒಂದು ಚಳಿಗಾಲ ಬಾಡಿಗೆಗಿದ್ದು ನೋಡದೆ ಯಾರೂ ಪ್ಲಾಟು ಕೊಳ್ಳಬಾರದು, ಎಷ್ಟೇ ಅಗ್ಗವಿರಲಿ.

ಬಾಡಿಗೆ ಕರಾರು 11 ತಿಂಗಳದ್ದಾಗಿರುತ್ತದೆ. ಜೂನ್‌ನಲ್ಲಿ ಹೊಕ್ಕರೆ ಮಳೆ, ಚಳಿ, ಬೇಸಿಗೆಯ ನೀರು ಮೂರನ್ನೂ ಅದರೊಳಗೇ ನೋಡಿದಂತಾಗುತ್ತದೆ. ಕರಾರಿಗೆ ಸಹಿ ಹಾಕುವ ಮುನ್ನ ಜೆಸ್ಕಾಂ ಕರೆಂಟ್ ಬಿಲ್ಲಿನ ಆರ್‌ಆರ್ (ಸಂಪರ್ಕದ) ನಂಬರು ಬರೆದುಕೊಂಡು, ಹಿಂದಿನ ಬಾಡಿಗೆದಾರರು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಿಂದ ತಮ್ಮ ಆಧಾರ್ ಬಿಡಿಸಿಕೊಂಡಿದ್ದಾರೆಯೇ ಕೇಳಿ. ಅವರು ಬಿಡಿಸದಿದ್ದರೆ ನಿಮ್ಮ ಅರ್ಜಿ ಹೋಗದು. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8, ಮಕ್ಕಳ ವರ್ಗಾವಣೆಗೆ ಹಳೆಯ ಶಾಲೆಯ ಸ್ಯಾಟ್ಸ್ (ವಿದ್ಯಾರ್ಥಿ ದಾಖಲೆಯ) ನಂಬರು ಬೇಕು.

ತಡವಾಗಿ ವರ್ಗವಾಗಿ ಬಂದವರು ಗಾಬರಿಬಿದ್ದು ಸಿಕ್ಕ ಮನೆ ಹಿಡಿಯಬೇಕಿಲ್ಲ. ಆಷಾಢದಲ್ಲಿ ಈ ಕಡೆ ಹೊಸ ಮನೆಗೆ ಹಾಲು ಉಕ್ಕಿಸುವುದಿಲ್ಲ, ಹಾಗಾಗಿ ಆ ತಿಂಗಳು ಬೀಗ ಬಿದ್ದ ಮನೆಗಳು ಹೆಚ್ಚು, ಮಾಲೀಕರು ಮಾತಿಗೆ ಸಿಗುತ್ತಾರೆ. ಅಷ್ಟು ದಿನ ಒಂದು ಕೋಣೆಯಲ್ಲಿ ಕಳೆದು, ನಳ ಬರುವ ದಿನ ಕಾದು, ಕೊಡ ಹಿಡಿದು ಎಣಿಸಿ, ಶ್ರಾವಣದ ಮೊದಲ ಸೋಮವಾರಕ್ಕೆ ಸಾಮಾನು ಸಾಗಿಸಬಹುದು.